ಮೈ ತುಂಬಿಕೊಂಡ ಹುಡುಗಿಗೆ ರಕ್ತಹೀನತೆ ಬರುವುದಿಲ್ಲವೇ?

“ಮಗಳು ಗುಂಡಗಿದ್ದಾಳೆ, ರಕ್ತ ಹೇಗೆ ಕಡಿಮೆಯಾಗುತ್ತದೆ?” ಎಂದು ಕೇಳುವ ತಾಯಂದಿರಿದ್ದಾರೆ. ತೆಳ್ಳಗಿರುವ ಹುಡುಗಿಯನ್ನು ನೋಡಿ “ಇವಳಿಗೆ ರಕ್ತವೇ ಇಲ್ಲ” ಎನ್ನುವವರೂ ಇದ್ದಾರೆ. ಎರಡೂ ತಪ್ಪು ತಿಳಿವಳಿಕೆ. ತೂಕಕ್ಕೂ ರಕ್ತಹೀನತೆಗೂ ಸಂಬಂಧವಿದೆ, ಆದರೆ ಮೈಕಟ್ಟು ನೋಡಿ ರಕ್ತದ ಮಟ್ಟ ಹೇಳಲಾಗದು.

ರಕ್ತಹೀನತೆ ಎಂದರೇನು?

ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಕಡಿಮೆಯಾಗುವುದೇ ರಕ್ತಹೀನತೆ. 12ರಿಂದ 19 ವರ್ಷದ ಹುಡುಗಿಯರಲ್ಲಿ ಅದು ಪ್ರತಿ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು, ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದು ಇತ್ತು.

ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕಾರ್ಖಾನೆಗೆ ಟನ್‌ಗಟ್ಟಲೆ ಅದಿರು ಬೇಕಾದರೆ, ವಯಸ್ಕರ ಇಡೀ ದೇಹದಲ್ಲಿರುವ ಕಬ್ಬಿಣ 3–4 ಗ್ರಾಂ ಮಾತ್ರ. ಜನ್ನಾಪುರದ ಶಾಲಾ ಹುಡುಗಿಗೂ ಬೇಕಾಗಿರುವುದು ಅಷ್ಟು ಚಿಕ್ಕ ಪ್ರಮಾಣವೇ. ಆದರೆ ಹದಿಹರೆಯದಲ್ಲಿ ದೇಹ ಬೆಳೆಯುತ್ತಿರುತ್ತದೆ, ಜೊತೆಗೆ ಮುಟ್ಟಿನಲ್ಲಿ ಪ್ರತಿ ತಿಂಗಳೂ ರಕ್ತ ಹೋಗುತ್ತದೆ. ಹಾಗಾಗಿ ಈ ವಯಸ್ಸಿನಲ್ಲೇ ಕೊರತೆ ಹೆಚ್ಚು.

ತೂಕ ಕಡಿಮೆಯಿದ್ದರೆ

ಊಟವೇ ಸಾಲದಿದ್ದಾಗ ಕಬ್ಬಿಣದ ಜೊತೆಗೆ ಪ್ರೋಟೀನ್, ಫೋಲಿಕ್ ಆಮ್ಲ, ಬಿ12 ಕೂಡ ಕಡಿಮೆಯಾಗುತ್ತವೆ. ರಕ್ತಹೀನತೆಯಿಂದ ಹಸಿವೂ ಕುಗ್ಗಬಹುದು, ಆಗ ತೂಕ ಇನ್ನಷ್ಟು ಇಳಿಯುತ್ತದೆ. ಕೊಕ್ಕೆಹುಳುವೂ ಒಂದು ಕಾರಣ.

ತೂಕ ಹೆಚ್ಚಿದ್ದರೆ

ಹೊಟ್ಟೆ ತುಂಬುವುದು ಬೇರೆ, ಪೋಷಕಾಂಶ ಸಿಗುವುದು ಬೇರೆ. ಅನ್ನ, ಬೇಕರಿ ತಿಂಡಿ, ಚಿಪ್ಸ್‌ನಿಂದ ತೂಕ ಏರಿದರೂ ಕಬ್ಬಿಣ ಸಿಗುವುದು ಕಡಿಮೆ. ಇನ್ನೊಂದು ಕಾರಣ ಬೊಜ್ಜು. ಅದು ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತ ಉಂಟುಮಾಡುತ್ತದೆ. ಆಗ ಯಕೃತ್ತಿನಲ್ಲಿ ತಯಾರಾಗುವ ಹೆಪ್ಸಿಡಿನ್ ಎಂಬ ಹಾರ್ಮೋನು ಹೆಚ್ಚಿ, ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವುದನ್ನು ತಡೆಯುತ್ತದೆ. ತೂಕ ಇಳಿಸಲು ಊಟ ಬಿಟ್ಟರೆ ಸಮಸ್ಯೆ ಮತ್ತಷ್ಟು ಹೆಚ್ಚುತ್ತದೆ.

ಕಬ್ಬಿಣದ ಮಾತ್ರೆಯಿಂದ ದಪ್ಪಗಾಗುತ್ತಾರೆಯೇ?

ಇಲ್ಲ. ಮಾತ್ರೆಯಲ್ಲಿ ತೂಕ ಏರಿಸುವ ಕ್ಯಾಲೊರಿ ಇರುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಮಲ ಕಪ್ಪಾಗುವುದು, ಸ್ವಲ್ಪ ಹೊಟ್ಟೆ ತೊಳಸುವುದು ಸಾಮಾನ್ಯ. ಊಟವಾದ ಮೇಲೆ ನುಂಗಿದರೆ ಇದು ಕಡಿಮೆಯಾಗುತ್ತದೆ.

ಏನು ಮಾಡಬೇಕು?

• ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಮಣ್ಣು ಅಥವಾ ಸೀಮೆಸುಣ್ಣ ತಿನ್ನುವ ಆಸೆ ಇದ್ದರೆ, ಹುಡುಗಿ ತೆಳ್ಳಗಿರಲಿ ದಪ್ಪಗಿರಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.
• ರಾಗಿ, ಕಾಳು, ನುಗ್ಗೆಸೊಪ್ಪು, ಮೊಟ್ಟೆ, ಮೀನು, ಮಾಂಸದಲ್ಲಿ ಒಗ್ಗುವುದನ್ನು ತಿನ್ನಿ. ಸೊಪ್ಪು, ಕಾಳಿನ ಜೊತೆ ನಿಂಬೆ, ನೆಲ್ಲಿಕಾಯಿ ಅಥವಾ ಸೀಬೆ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ.
• ಊಟ ಮತ್ತು ಕಾಫಿ, ಟೀ ನಡುವೆ ಒಂದು ಗಂಟೆ ಅಂತರವಿರಲಿ.
• ಮುಟ್ಟು 7 ದಿನಕ್ಕಿಂತ ಹೆಚ್ಚು ಇದ್ದರೆ, ಇಲ್ಲವೇ ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ ವೈದ್ಯರಿಗೆ ತೋರಿಸಿ.
• ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದಲ್ಲ. ಮಾತ್ರೆ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ಬೇರೆ ಕಾರಣ ಹುಡುಕಿಸಬೇಕು.

ತಕ್ಕಡಿ ಹೇಳುವುದು ತೂಕವನ್ನು ಮಾತ್ರ. ರಕ್ತದ ಮಟ್ಟ ತಿಳಿಯಲು ಒಂದು ಹನಿ ರಕ್ತದ ಪರೀಕ್ಷೆಯೇ ಬೇಕು.