ಹಬಸಿ ಸರದಾರರೂ ಸಿದ್ದಿ ಪೌರರೂ

೧

ಮಲಾಡಿನ ಪಶ್ಚಿಮದಂಚಿನಲ್ಲಿ ಮಾರ್ವೆಯ ಖಾರಿಯೂ ಅದರಾಚೆ ಮಢದ ಹಳೆಯ ಕೋಟೆಯೂ ಇವೆ. ಉಪನಗರದ ಜನಸಂದಣಿಯಲ್ಲಿ ಇಂದು ಬೆರೆತುಹೋಗಿರುವ ಈ ನೆಲವು ಪೂರ್ವದಲ್ಲಿ ಸಾಷ್ಟಿ ದ್ವೀಪದ ಒಂದು ಭಾಗವಾಗಿತ್ತು. ೧೫೩೪ರಲ್ಲಿ ಗುಜರಾತಿನ ಸುಲ್ತಾನ ಬಹಾದುರ ಶಹನಿಂದ ವಸಯಿಯೊಡನೆ ಪೋರ್ತುಗೀಜರಿಗೆ ದೊರೆತ ಸಾಷ್ಟಿಯು ೧೭೩೭ರಲ್ಲಿ ಮರಾಠರ ವಶವಾಗುವವರೆಗೆ ಗೋವೆಯ ಆಡಳಿತಕ್ಕೆ ಒಳಪಟ್ಟಿತ್ತು. ಕನ್ನಡ ನಾಡಿನ ಕಾಡಿನ ಮರೆಯಲ್ಲಿ ಬಾಳಿದ ಒಂದು ಸಣ್ಣ ಸಮುದಾಯದ ಇತಿಹಾಸವನ್ನು ಇಲ್ಲಿಂದ ಆರಂಭಿಸುವುದು ಅಸಂಗತವೆಂದು ತೋರಬಹುದು. ಆದರೆ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಕೊಂಡ ಮನುಷ್ಯರನ್ನು ಗೋವೆಗೆ ತಂದವರೂ, ವಸಯಿ ಪ್ರಾಂತದ ಫಿದಲ್ಗೊಗಳ ಮನೆಗಳಲ್ಲಿ ದುಡಿಸಿಕೊಂಡವರೂ ಇದೇ ಪೋರ್ತುಗೀಜರು. ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಗೋವೆಯಲ್ಲಿದ್ದ ಡಚ್ಚರವನಾದ ಲಿನ್‌ಶೋಟನ್ನನು, ಅಲ್ಲಿಯ ಬೀದಿಯ ಸಂತೆಯಲ್ಲಿ ಇತರ ಸರಕುಗಳ ನಡುವೆ ಗಂಡಸರನ್ನೂ ಹೆಂಗಸರನ್ನೂ ಮಾರುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಹೀಗೆ ಬಂದವರಲ್ಲಿ ಒಡೆಯರಿಂದ ತಪ್ಪಿಸಿಕೊಂಡು ಘಟ್ಟವನ್ನೇರಿದವರ ಸಂತತಿಯೇ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಅರಣ್ಯದ ಸಿದ್ದಿ ಜನರಲ್ಲಿ ಬಹುಭಾಗವೆಂದು ತಿಳಿದವರ ಅಭಿಪ್ರಾಯ.

ಮುಂಬಯಿಯ ಕನ್ನಡಿಗರಿಗೆ ಈ ವಿಷಯವು ಇನ್ನೊಂದು ಬಗೆಯಿಂದಲೂ ಹತ್ತಿರದ್ದು. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಇಲ್ಲಿಂದಲೇ ಆಳಲ್ಪಟ್ಟಿತು. ತೊಂಬತ್ತನಾಲ್ಕು ವರ್ಷಗಳ ಕಾಲ ಸಿದ್ದಿಗಳ ಸರಕಾರವು ಮುಂಬಯಿಯ ಸರಕಾರವೇ ಆಗಿತ್ತು.

ಆಫ್ರಿಕಾ ಮೂಲದ ಜನರು ಪರದೇಶದಲ್ಲಿ ದಾಸ್ಯವನ್ನು ದಾಟಿ ಸಾರ್ವಜನಿಕ ಜೀವನದಲ್ಲಿ ನಾಯಕತ್ವವನ್ನು ಪಡೆದ ವೃತ್ತಾಂತವೆಂದರೆ ವಿದ್ಯಾವಂತರ ಮನಸ್ಸು ಕೂಡಲೇ ಅಮೇರಿಕದ ಕಡೆಗೆ ಹರಿಯುತ್ತದೆ. ಅದೇ ವೃತ್ತಾಂತದ ಒಂದು ಅಧ್ಯಾಯವು ದಖ್ಖನಿನಲ್ಲಿ, ಅದರಲ್ಲೂ ಕನ್ನಡ ನೆಲದಲ್ಲಿ ನಡೆದಿದೆ. ಅಮೇರಿಕಕ್ಕಿಂತ ಮುನ್ನೂರು ವರ್ಷ ಮೊದಲೇ ಆರಂಭವಾಗಿದೆ. ಅಷ್ಟು ಮೊದಲು ದೊರೆತ ಅಧಿಕಾರವು ಆ ಜನಕ್ಕೆ ಏನನ್ನು ಉಳಿಸಿತೆಂಬುದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

೨

ಅಬಿಸೀನಿಯಕ್ಕೆ ಅರಬರು ‘ಹಬಶ್’ ಎನ್ನುತ್ತಿದ್ದುದರಿಂದ ಅಲ್ಲಿಂದ ಬಂದವರು ಹಬಸಿಗಳೆನಿಸಿದರು. ‘ಸಿದ್ದಿ’ ಎಂಬ ಹೆಸರು ‘ಒಡೆಯ’ ಎಂಬರ್ಥದ ಅರಬ್ಬಿ ಶಬ್ದದಿಂದ ಬಂದಿರಬೇಕೆಂದು ಹಲವರು ಊಹಿಸುತ್ತಾರೆ. ಗುಲಾಮರಾಗಿ ಬಂದವರಿಗೆ ಒಡೆಯನೆಂಬ ಹೆಸರು ನಿಂತದ್ದು ಇತಿಹಾಸದ ವಿಚಿತ್ರ. ಆದರೆ ದಖ್ಖನಿನ ಸುಲ್ತಾನರ ಕಾಲದಲ್ಲಿ ಅದು ಕೇವಲ ವಿಚಿತ್ರವಾಗಿ ಉಳಿಯಲಿಲ್ಲ.

ಬಿಜಾಪುರದಲ್ಲಿ ೧೫೮೦ರಲ್ಲಿ ಒಂದನೆಯ ಅಲಿ ಆದಿಲಶಹನು ಕೊಲೆಯಾಗಿ, ಒಂಬತ್ತು ವರ್ಷದ ಎರಡನೆಯ ಇಬ್ರಾಹಿಮನು ಪಟ್ಟಕ್ಕೆ ಬಂದಾಗ ರಾಜ್ಯದ ಸೂತ್ರವು ಕೆಲಕಾಲದಲ್ಲಿಯೇ ಹಬಸಿ ಸರದಾರರ ಕೈಗೆ ಬಂದಿತು. ಮೊದಲು ಇಖ್ಲಾಸಖಾನನು, ಅನಂತರ ೧೫೯೦ರವರೆಗೆ ದಿಲಾವರಖಾನನು ಬಾಲ ಸುಲ್ತಾನನ ಹೆಸರಿನಲ್ಲಿ ರಾಜ್ಯವನ್ನಾಳಿದರು. ಮುಂದೆ ಮಹಮ್ಮದ ಆದಿಲಶಹನ ಆಳಿಕೆಯಲ್ಲಿ ಇಖ್ಲಾಸಖಾನನೆಂಬ ಅದೇ ಬಿರುದನ್ನು ಪಡೆದ ಮತ್ತೊಬ್ಬ ಹಬಸಿಯು ಪ್ರಬಲನಾದ ಮಂತ್ರಿಯಾದನು. ಸುಲ್ತಾನನೂ ಅವನೂ ಒಂದೇ ಆನೆಯನ್ನೇರಿ ಹೋಗುತ್ತಿರುವ ಬಿಜಾಪುರದ ವರ್ಣಚಿತ್ರವೊಂದು ಇಂದಿಗೂ ಉಳಿದಿದೆ. ೧೬೬೦ರಲ್ಲಿ ಶಿವಾಜಿಯನ್ನು ಪನ್ಹಾಳಗಡದಲ್ಲಿ ಮುತ್ತಿದ ಸಿದ್ದಿ ಜೌಹರನು ಬಿಜಾಪುರದ ಸರದಾರನೇ. ಕೊನೆಗಾಲದಲ್ಲಿ ರಾಜ್ಯದ ಮುಖ್ಯಾಧಿಕಾರವನ್ನು ವಹಿಸಿ, ಬಳಿಕ ಆದವಾನಿಗೆ ಹಿಂದಿರುಗಿದ ಸಿದ್ದಿ ಮಸೂದನು ಅಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿಯು ಕನ್ನಡ-ತೆಲುಗು ಗಡಿಯಲ್ಲಿ ಇಂದಿಗೂ ನಿಂತಿದೆ.

ಇವರೆಲ್ಲರಿಗಿಂತ ಎತ್ತರಕ್ಕೆ ಏರಿದವನು ಮಲಿಕ್ ಅಂಬರನು. ಸುಮಾರು ೧೫೪೮ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ, ಅಹಮದನಗರದ ಪೇಶ್ವೆಯಾಗಿದ್ದ ಚಂಗೀಜಖಾನನ ಸೇವೆಗೆ ಬಂದನು. ಆ ಚಂಗೀಜಖಾನನೂ ಹಬಸಿಯೇ. ಒಡೆಯನು ಸತ್ತ ಮೇಲೆ ಸ್ವತಂತ್ರನಾಗಿ, ಕೆಲಕಾಲ ಬಿಜಾಪುರದಲ್ಲಿಯೂ ಸೇವೆ ಮಾಡಿ, ತನ್ನದೇ ಪಡೆಯನ್ನು ಕಟ್ಟಿದನು. ೧೬೦೦ರಲ್ಲಿ ಅಹಮದನಗರವು ಮೊಗಲರಿಗೆ ಬಿದ್ದ ಮೇಲೆ ಎರಡನೆಯ ಮುರ್ತಜಾ ನಿಜಾಮಶಹನನ್ನು ಪಟ್ಟದಲ್ಲಿ ಕೂರಿಸಿ, ತನ್ನ ಮಗಳನ್ನೂ ಅವನಿಗೆ ಕೊಟ್ಟನು. ೧೬೧೦ರ ಸುಮಾರಿಗೆ ಖಡಕಿಯಲ್ಲಿ ಹೊಸ ರಾಜಧಾನಿಯನ್ನು ಕಟ್ಟಿ ಅದಕ್ಕೆ ನೆಲದೊಳಗಿನ ಕಾಲುವೆಯಿಂದ ನೀರು ತಂದನು. ಅದೇ ಮುಂದಿನ ಔರಂಗಾಬಾದು. ೧೬೨೪ರಲ್ಲಿ ಭಾತವಡಿಯ ಕಾಳಗದಲ್ಲಿ ಮೊಗಲ ಮತ್ತು ಬಿಜಾಪುರದ ಕೂಡುಪಡೆಗಳನ್ನು ಸೋಲಿಸಿದನು. ಅವನು ಮಾಡಿದ ಭೂಕಂದಾಯದ ವ್ಯವಸ್ಥೆಯನ್ನು ಇತಿಹಾಸಕಾರರು ಹೊಗಳುತ್ತಾರೆ. ೧೬೨೬ರಲ್ಲಿ ಅವನು ತೀರಿಕೊಂಡನು. ಏಳು ವರ್ಷಗಳಲ್ಲಿ, ೧೬೩೩ರಲ್ಲಿ, ಅವನ ಮಗ ಫತೇಖಾನನು ದೌಲತಾಬಾದನ್ನು ಮೊಗಲರಿಗೆ ಒಪ್ಪಿಸಿದನು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಬಸಿಗೆ ಈ ನಾಡಿನಲ್ಲಿ ಕುಲವೂ ಬಂಧುಬಳಗವೂ ಇರಲಿಲ್ಲವಾದ್ದರಿಂದಲೇ ಸುಲ್ತಾನರು ಅವನನ್ನು ನಂಬಿದರು. ಅವನ ಶಕ್ತಿಗೆ ಮೂಲವಾದ ಈ ಒಂಟಿತನವೇ ಆ ಶಕ್ತಿಯ ಮಿತಿಯೂ ಆಯಿತು. ಬಿಜಾಪುರವು ೧೬೮೬ರಲ್ಲಿ ಬಿದ್ದಿತು. ಸಿಂಹಾಸನದ ನೆರಳಿನಲ್ಲಿ ಬೆಳೆದದ್ದು ಸಿಂಹಾಸನದೊಡನೆ ಉರುಳಿತು.

೩

ಕಡಲು ಕಾಯುತ್ತಿದ್ದ ಸಿದ್ದಿಗಳ ಕಥೆ ಬೇರೆ. ಜಂಜಿರೆಯ ಸಿದ್ದಿಗಳು ತಮ್ಮದೇ ನೌಕಾಬಲವನ್ನು ನೆಚ್ಚಿದವರು. ಶಿವಾಜಿಗೂ ಸಂಭಾಜಿಗೂ ಆ ಕೋಟೆ ದಕ್ಕಲಿಲ್ಲ. ಔರಂಗಜೇಬನೊಡನೆ ಕಲಹ ಹೂಡಿದ ಇಂಗ್ಲಿಷರನ್ನು ದಂಡಿಸಲು ೧೬೮೯ರಲ್ಲಿ ಸಿದ್ದಿ ಯಾಕುತಖಾನನು ಶಿವಡಿಯಲ್ಲಿ ಇಳಿದು, ಮಜಗಾಂವ್, ಮಾಹಿಮಗಳನ್ನು ಹಿಡಿದು, ಇಂಗ್ಲಿಷರನ್ನು ಕೋಟೆಯೊಳಗೆ ಕೂಡಿಹಾಕಿದನು. ಅವರು ಬಾದಶಹನಿಗೆ ಒಂದೂವರೆ ಲಕ್ಷ ರೂಪಾಯಿ ದಂಡ ತೆರಲು ಒಪ್ಪಿಕೊಂಡ ಮೇಲೆಯೇ, ೧೬೯೦ರ ಜೂನಿನಲ್ಲಿ, ಸಿದ್ದಿಯು ದ್ವೀಪವನ್ನು ಬಿಟ್ಟನು. ಈ ಮಹಾನಗರವು ಒಂದು ವರ್ಷಕ್ಕೂ ಹೆಚ್ಚು ಕಾಲ ಆಫ್ರಿಕಾ ಮೂಲದ ಒಬ್ಬ ದಳಪತಿಯ ಮುತ್ತಿಗೆಯಲ್ಲಿತ್ತೆಂಬುದು ಇಲ್ಲಿಯ ನಿವಾಸಿಗಳಿಗೆ ಹೆಚ್ಚಾಗಿ ನೆನಪಿಲ್ಲ. ಜಂಜಿರೆ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಮತ್ತೊಂದು ಪಾತ್ರವನ್ನು ವಹಿಸಿತು. ಅರಬ್ಬಿ ಸಮುದ್ರದಲ್ಲಿ ಗುಲಾಮರ ಹಡಗುಗಳಿಂದ ಬ್ರಿಟಿಷ್ ನೌಕೆಗಳು ಬಿಡಿಸಿದ ಮಕ್ಕಳನ್ನು ಇಲ್ಲಿಗೆ ತಂದು, ಅನೇಕರನ್ನು ನಾಸಿಕದ ಮಿಶನ್ ಶಾಲೆಗೆ ಕಳುಹಿಸುತ್ತಿದ್ದರು. ಅಲ್ಲಿ ಕಲಿತವರು ‘ಮುಂಬಯಿಯ ಆಫ್ರಿಕನ್ನರು’ ಎನಿಸಿಕೊಂಡರು. ಲಿವಿಂಗ್‌ಸ್ಟನ್ನನ ಪಾರ್ಥಿವ ಶರೀರದೊಡನೆ ೧೮೭೪ರಲ್ಲಿ ಲಂಡನ್ನಿಗೆ ಹೋದ ಜೇಕಬ್ ವೇನ್‌ರೈಟ್ ಅವರಲ್ಲೊಬ್ಬನು. ೧೮೭೫ರಲ್ಲಿ ಮೊಂಬಾಸದ ಹತ್ತಿರ ಸ್ಥಾಪಿತವಾದ ವಿಮುಕ್ತರ ವಸತಿಗೆ ಮುಂಬಯಿಯ ಮಾಜಿ ಗವರ್ನರ್ ಬಾರ್ಟಲ್ ಫ್ರಿಯರನ ಹೆಸರನ್ನಿಟ್ಟರು. ನಾಸಿಕದಲ್ಲಿ ಓದಿದವರು ಅಲ್ಲಿ ಉಪದೇಶಕರೂ ಮುಂದಾಳುಗಳೂ ಆದರು. ಶಾಲೆಯೊಂದು ಎರಡು ದಶಕಗಳಲ್ಲಿ ಏನು ಮಾಡಬಲ್ಲುದೆಂಬುದಕ್ಕೆ ಇದು ನಿದರ್ಶನ. ಅದೇ ಸರಕಾರದ ಆಳಿಕೆಯಲ್ಲಿದ್ದ ಯಲ್ಲಾಪುರದ ಕಾಡಿನಲ್ಲಿ ಅಂಥ ಶಾಲೆ ಇರಲಿಲ್ಲ.

೪

ಭಾರತದಲ್ಲಿ ೧೮೪೩ರ ಕಾಯಿದೆಯು ದಾಸ್ಯಕ್ಕೆ ಕಾನೂನಿನ ಬೆಂಬಲವನ್ನು ತೆಗೆದುಹಾಕಿತು. ಪೋರ್ತುಗೀಜ್ ಸಾಮ್ರಾಜ್ಯದಲ್ಲಿ ೧೮೬೯ರಲ್ಲಿ ದಾಸ್ಯ ರದ್ದಾಯಿತು. ಆದರೂ ಘಟ್ಟದ ಮೇಲಿನ ಸಿದ್ದಿಗಳ ಬಾಳು ಬಹಳ ಬದಲಾಗಲಿಲ್ಲ. ಅಡಿಕೆಯ ತೋಟಗಳಲ್ಲಿ, ಗದ್ದೆಗಳಲ್ಲಿ ಸಾಲಕ್ಕೆ ಕಟ್ಟುಬಿದ್ದ ಕೂಲಿ. ಉಳಿದಂತೆ ಕಾಡಿನ ಜೇನು, ಸೀಗೆ, ಬೆತ್ತ. ಧರ್ಮದಲ್ಲಿ ಅವರು ಹಿಂದೂ, ಮುಸಲ್ಮಾನ, ಕ್ರೈಸ್ತರೆಂದು ಹಂಚಿಹೋದರು. ಮನೆಯಲ್ಲಿ ಕೊಂಕಣಿಯನ್ನು ಹೋಲುವ ಮಾತು, ಸಂತೆಯಲ್ಲಿ ಕನ್ನಡ, ಕೆಲವು ಕಡೆ ಉರ್ದು. ಡಮಾಮಿಯ ಬಡಿತವೂ ಕುಣಿತವೂ ಮೂರು ಮತದವರಿಗೂ ಸಮಾನವಾಗಿ ಉಳಿದವು. ಧಾರವಾಡದ ವಿದ್ವಾಂಸರಾದ ಟಿ. ಸಿ. ಪಾಲಾಕ್ಷಪ್ಪನವರು ೧೯೭೬ರಲ್ಲಿ ಈ ಜನರನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಮೇಲೆ ವಿದ್ವಲ್ಲೋಕದ ಗಮನ ಇತ್ತ ಹರಿಯಿತು. ಜೀತವನ್ನು ರದ್ದುಪಡಿಸಿದ ಕೇಂದ್ರ ಶಾಸನವೂ ಅದೇ ವರ್ಷದ್ದು.

ಬಿಜಾಪುರದ ಮಂತ್ರಿಪದವಿಗೂ ಯಲ್ಲಾಪುರದ ಈ ಜೀತಕ್ಕೂ ನಡುವೆ ಇನ್ನೂರು ಮೈಲಿಗಳ ಅಂತರವೂ ಇಲ್ಲ. ಆದರೆ ಒಂದರ ವೈಭವದಿಂದ ಇನ್ನೊಂದಕ್ಕೆ ಒಂದು ಎಕರೆ ನೆಲವಾಗಲಿ, ಒಂದು ಹಕ್ಕಾಗಲಿ ಇಳಿದುಬರಲಿಲ್ಲ.

೫

ಅಮೇರಿಕದ ಇತಿಹಾಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ೧೮೬೫ರವರೆಗೆ ಕರಿಯ ಮನುಷ್ಯನು ಮಂತ್ರಿಯಾಗುವ ಮಾತು ಹಾಗಿರಲಿ, ದಕ್ಷಿಣದ ರಾಜ್ಯಗಳಲ್ಲಿ ಅಕ್ಷರ ಕಲಿಯುವುದೇ ಅನೇಕ ಕಡೆ ಅಪರಾಧವಾಗಿತ್ತು. ೧೮೭೦ರಲ್ಲಿ ಸಂವಿಧಾನದ ಹದಿನೈದನೆಯ ತಿದ್ದುಪಡಿಯು ವರ್ಣದ ಕಾರಣದಿಂದ ಮತದ ಹಕ್ಕನ್ನು ಕಸಿಯಬಾರದೆಂದು ವಿಧಿಸಿತು. ಅದೇ ವರ್ಷ ಮಿಸಿಸಿಪಿಯ ಶಾಸನಸಭೆಯು ಹೈರಮ್ ರೆವೆಲ್ಸನನ್ನು ಸೆನೆಟ್ಟಿಗೆ ಆರಿಸಿ ಕಳುಹಿಸಿತು. ಗುಲಾಮನಾಗಿ ಹುಟ್ಟಿದ ಬ್ಲಾಂಚ್ ಬ್ರೂಸನು ೧೮೭೫ರಿಂದ ಆರು ವರ್ಷ ಅಲ್ಲಿ ಕುಳಿತನು. ಆದರೆ ೧೮೭೭ರಲ್ಲಿ ಕೇಂದ್ರದ ಸೈನ್ಯವು ರಕ್ಷಣೆಯಿಂದ ಹಿಂದೆಗೆದ ಮೇಲೆ, ತಲೆಗಂದಾಯ, ಅಕ್ಷರಪರೀಕ್ಷೆ, ಬೆದರಿಕೆಗಳಿಂದ ಆ ಮತವನ್ನು ಕ್ರಮಕ್ರಮವಾಗಿ ಕಿತ್ತುಕೊಂಡರು. ಬ್ರೂಸನ ಅವಧಿ ಮುಗಿದ ೧೮೮೧ರಿಂದ ೧೯೬೭ರವರೆಗೆ ಸೆನೆಟ್ಟಿನಲ್ಲಿ ಕರಿಯ ಸದಸ್ಯನೊಬ್ಬನೂ ಇರಲಿಲ್ಲ.

ಆ ದೀರ್ಘ ಕತ್ತಲೆಯಲ್ಲಿಯೂ ಅವರಲ್ಲಿ ಉಳಿದದ್ದು ಇಗರ್ಜಿಗಳು, ಶಾಲೆಗಳು, ಪತ್ರಿಕೆಗಳು, ೧೯೦೯ರಿಂದ ನ್ಯಾಯಾಲಯಗಳಲ್ಲಿ ಹೋರಾಡಿದ ರಾಷ್ಟ್ರೀಯ ಸಂಘ. ಇವುಗಳ ಬಲದಿಂದಲೇ ೧೯೬೫ರ ಮತದಾನ ಹಕ್ಕಿನ ಕಾಯಿದೆ ಸಾಧ್ಯವಾಯಿತು. ೨೦೦೮ರಲ್ಲಿ ಬರಾಕ್ ಒಬಾಮಾ ಅಧ್ಯಕ್ಷರಾಗಿ ಚುನಾಯಿತರಾದದ್ದೂ ಆ ತಳಹದಿಯ ಮೇಲೆಯೇ. ಆ ಚಳವಳಿಯ ಮುಂದಾಳು ಮಾರ್ಟಿನ್ ಲೂಥರ್ ಕಿಂಗರು ೧೯೫೯ರಲ್ಲಿ ಮುಂಬಯಿಗೆ ಬಂದು ಗಾಂಧೀಜಿಯವರು ಇರುತ್ತಿದ್ದ ಮಣಿಭವನದಲ್ಲಿ ತಂಗಿದ್ದರು. ಕೇವಲ ಮೂರು ವರ್ಷಗಳ ಹಿಂದಿನವರೆಗೆ ಇದೇ ಮುಂಬಯಿ ರಾಜ್ಯಕ್ಕೆ ಸೇರಿದ್ದ ಸಿದ್ದಿಗಳಲ್ಲಿ ತಮ್ಮದೇ ಅಭಿವೃದ್ಧಿ ಸಂಘವೊಂದು ಹುಟ್ಟುವುದಕ್ಕೆ ಆಗ ಇನ್ನೂ ಇಪ್ಪತ್ತೈದು ವರ್ಷ ಕಳೆಯಬೇಕಾಗಿತ್ತು.

೬

೧೯೮೪ರಲ್ಲಿ ಹುಟ್ಟಿದ ಆ ಸಂಘವು ಮೂರು ಮತಗಳ ಸಿದ್ದಿಗಳನ್ನು ಒಂದೇ ಹೆಸರಿನ ಕೆಳಗೆ ಕೂಡಿಸಿತು. ಸಿದ್ದಿಗಳ ನಿಜವಾದ ರಾಜಕೀಯ ಇತಿಹಾಸವು ಇಲ್ಲಿಂದ ಆರಂಭವಾಯಿತೆಂದರೆ ತಪ್ಪಾಗಲಾರದು. ಅವರ ಮುಖ್ಯ ಬೇಡಿಕೆ ಪರಿಶಿಷ್ಟ ಪಂಗಡವೆಂಬ ಮಾನ್ಯತೆ. ಸೌರಾಷ್ಟ್ರದ ಸಿದ್ದಿಗಳಿಗೆ ಬಹು ಹಿಂದೆಯೇ ದೊರೆತಿದ್ದ ಈ ಮಾನ್ಯತೆಯು ಕರ್ನಾಟಕದವರಿಗೆ ದೊರೆತದ್ದು ೨೦೦೩ರಲ್ಲಿ. ಅದೂ ಉತ್ತರ ಕನ್ನಡ ಜಿಲ್ಲೆಯವರಿಗೆ ಮಾತ್ರ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ೨೦೨೦ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಜಿಲ್ಲೆಯ ಗಡಿಯ ಈ ಗೆರೆಯು ಕೇವಲ ಕಾಗದದ ಮಾತಾಗಿರಲಿಲ್ಲ. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡದವನು ೨೦೦೫ರ ಡಿಸೆಂಬರ್ ೧೩ಕ್ಕೆ ಮೊದಲು ತಾನು ಆ ನೆಲದಲ್ಲಿದ್ದುದನ್ನು ತೋರಿಸಿದರೆ ಸಾಕು. ಇತರ ಅರಣ್ಯವಾಸಿಯು ಮೂರು ತಲೆಮಾರುಗಳ, ಅಂದರೆ ಎಪ್ಪತ್ತೈದು ವರ್ಷಗಳ ವಾಸಕ್ಕೆ ಆಧಾರ ಒದಗಿಸಬೇಕು. ಹಳಿಯಾಳದ ಸಿದ್ದಿಗೆ ಒಂದು ಅಳತೆ, ಗಡಿಯಾಚೆ ಕಲಘಟಗಿಯಲ್ಲಿರುವ ಅವನ ಬಂಧುವಿಗೆ ಇನ್ನೊಂದು ಅಳತೆ. ಓಡಿಹೋಗಿ ಅಡಗಿಯೇ ಬದುಕುಳಿದವರ ಮೊಮ್ಮಕ್ಕಳನ್ನು ಎಪ್ಪತ್ತೈದು ವರ್ಷಗಳ ದಾಖಲೆ ಕೇಳಿದರೆ ಅವರು ಎಲ್ಲಿಂದ ತಂದಾರು?

ಪ್ರಾತಿನಿಧ್ಯದ ಪ್ರಶ್ನೆ ಇನ್ನೂ ಕಠಿಣವಾದದ್ದು. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಸಿದ್ದಿಗಳ ಸಂಖ್ಯೆ ಹತ್ತು ಸಾವಿರಕ್ಕೆ ಸ್ವಲ್ಪ ಮೇಲೆ. ವಿಧಾನಸಭೆಯ ೨೨೪ ಕ್ಷೇತ್ರಗಳಲ್ಲಿ ಪರಿಶಿಷ್ಟ ಪಂಗಡಗಳಿಗೆ ಮೀಸಲಾದ ೧೫ರಲ್ಲಿ ಒಂದೂ ಉತ್ತರ ಕನ್ನಡದಲ್ಲಿಲ್ಲ. ಸಂಖ್ಯಾಬಲದಿಂದ ಇವರು ಒಂದು ಸ್ಥಾನವನ್ನೂ ಗೆಲ್ಲಲಾರರು. ಆದ್ದರಿಂದಲೇ ೨೦೨೦ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿಯವರು ರಾಜ್ಯಪಾಲರಿಂದ ವಿಧಾನಪರಿಷತ್ತಿಗೆ ನಾಮನಿರ್ದೇಶಿತರಾದದ್ದು ಒಂದು ಘಟನೆಯೆನಿಸಿತು. ಕರ್ನಾಟಕದ ಶಾಸಕಾಂಗದಲ್ಲಿ ಸಿದ್ದಿಯೊಬ್ಬರು ಕುಳಿತದ್ದು ಅದೇ ಮೊದಲು. ರೆವೆಲ್ಸನು ಸೆನೆಟ್ಟನ್ನು ಪ್ರವೇಶಿಸಿ ಆಗ ಸರಿಯಾಗಿ ನೂರೈವತ್ತು ವರ್ಷಗಳಾಗಿದ್ದವು. ಇಬ್ಬರನ್ನೂ ಜನರ ನೇರ ಮತವು ಕಳುಹಿಸಲಿಲ್ಲವೆಂಬುದು ಸಾಮ್ಯ. ರೆವೆಲ್ಸನ ಹಿಂದೆ ತನ್ನವರದೇ ಲಕ್ಷಾಂತರ ಮತಗಳಿದ್ದವು, ಸಿದ್ದಿಗಳಿಗೆ ಅಂಥ ಆಸರೆಯಿಲ್ಲವೆಂಬುದು ಭೇದ.

ನಾಮನಿರ್ದೇಶನವು ಗೌರವದ ಸಂಗತಿಯೇ ಸರಿ. ಆದರೂ ಮೇಲಿನವನ ಅನುಗ್ರಹದಿಂದ ದೊರೆತ ಸ್ಥಾನವೆಂಬ ಅಂಶದಲ್ಲಿ ಅದು ಬಿಜಾಪುರದ ದರಬಾರನ್ನು ನೆನಪಿಸದಿರದು. ಅದನ್ನು ದರಬಾರಿನಿಂದ ಬೇರೆಮಾಡುವ ಸಂಗತಿಗಳು ಕೆಳಗಡೆ ಇವೆ. ಮೂರು ಮತದವರನ್ನು ಕೂಡಿಸಿದ ಸಂಘ, ಜಾತಿಯ ಪ್ರಮಾಣಪತ್ರ, ಅರಣ್ಯಭೂಮಿಯ ಹಕ್ಕುಪತ್ರ, ಮೀಸಲಾತಿಯಿಂದ ಗ್ರಾಮ ಪಂಚಾಯತಿಯಲ್ಲಿ ಸಿದ್ದಿ ಹೆಣ್ಣುಮಗಳೂ ಪಡೆಯಬಹುದಾದ ಒಂದು ಕುರ್ಚಿ: ಇವು ಯಾವನೊಬ್ಬನ ಪರಾಕ್ರಮವನ್ನೂ ಅವಲಂಬಿಸಿಲ್ಲ, ಒಬ್ಬನ ಮರಣದಿಂದ ಅಳಿಯುವಂಥವೂ ಅಲ್ಲ.

ಮಲಿಕ್ ಅಂಬರನ ಕಾಲುವೆಯು ಒಂದು ನಗರಕ್ಕೆ ಶತಮಾನಗಳ ಕಾಲ ನೀರು ಕೊಟ್ಟಿತು. ಅವನ ಜನಕ್ಕೆ ಅವನು ಒಂದು ಕೀರ್ತಿಯನ್ನು ಬಿಟ್ಟುಹೋದನು. ಯಲ್ಲಾಪುರದ ಸಿದ್ದಿಯ ಕೈಗೆ ಬಂದಿರುವ ಹಕ್ಕುಪತ್ರದಲ್ಲಿ ಕೀರ್ತಿಯೇನೂ ಇಲ್ಲ. ಅದರಲ್ಲಿ ಅವನ ಹೆಸರಿದೆ, ನೆಲದ ಅಳತೆಯಿದೆ. ಅವನ ನಂತರ ಅದು ಅವನ ಮಕ್ಕಳಿಗೆ ಸಲ್ಲುತ್ತದೆ.