ಸ್ಫಟಿಕ ಶೋಧಕದ ರಕ್ಷಣೆ

ರೇಡಿಯೊ ಮಾಪನೋಪಕರಣಗಳ ಚರಿತ್ರೆಯನ್ನು ಬರೆಯುವವರು ಅವುಗಳ ಸೂಕ್ಷ್ಮತೆ ಬೆಳೆದ ಬಗೆಯನ್ನು ವಿವರಿಸುವುದು ವಾಡಿಕೆ. ಉಪಕರಣವು ಸೂಕ್ಷ್ಮವಾದಷ್ಟೂ ಅದು ಸುಟ್ಟುಹೋಗುವುದು ಸುಲಭವಾಯಿತೆಂಬ ಅಂಶಕ್ಕೆ ಅಷ್ಟು ಗಮನ ದೊರೆತಿಲ್ಲ. ಸಿಲಿಕಾನ್ ಸ್ಫಟಿಕ ಶೋಧಕದ ವೃತ್ತಾಂತವು ಇದಕ್ಕೆ ಉತ್ತಮ ನಿದರ್ಶನ.

ಸ್ಫಟಿಕ ಶೋಧಕವು ಹೊಸದೇನೂ ಆಗಿರಲಿಲ್ಲ. ಕಲಕತ್ತೆಯ ಜಗದೀಶಚಂದ್ರ ಬೋಸರಿಗೆ 1904ರಲ್ಲಿಯೇ ಗೆಲೀನಾ ಶೋಧಕಕ್ಕಾಗಿ ಅಮೆರಿಕದ ಪೇಟೆಂಟು ದೊರೆತಿತ್ತು. ಮುಂದೆ ನಿರ್ವಾತ ನಳಿಕೆಗಳು ಪ್ರಬಲವಾದಾಗ ಸ್ಫಟಿಕವು ಮೂಲೆ ಸೇರಿತು. 1940ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ರ‍್ಯಾಂಡಲ್ ಮತ್ತು ಬೂಟ್ ಎಂಬವರ ಮ್ಯಾಗ್ನೆಟ್ರಾನ್, ಸುಮಾರು 10 ಸೆಂಟಿಮೀಟರ್ ಉದ್ದದ ಅಲೆಗಳಲ್ಲಿ 400 ವ್ಯಾಟ್ ಶಕ್ತಿಯನ್ನು ಹೊರಸೂಸಿತು. ಅಷ್ಟು ಕಿರಿಯ ಅಲೆಗಳ ಕ್ಷೀಣ ಪ್ರತಿಧ್ವನಿಯನ್ನು ಗ್ರಹಿಸಲು ನಳಿಕೆಗಳಿಗಿಂತ ಸ್ಫಟಿಕವೇ ಮೇಲೆಂದು ಕಂಡುಬಂದಿತು. ಆರಂಭದ ಸ್ಫಟಿಕಗಳನ್ನು ಹರ್ಬರ್ಟ್ ಸ್ಕಿನ್ನರ್ ಮೆಲ್ಲನೆ ತಟ್ಟಿ, ಟಂಗ್‌ಸ್ಟನ್ ತಂತಿಯ ಮೊನೆಯನ್ನು ತಕ್ಕ ಬಿಂದುವಿಗೆ ಹೊಂದಿಸುತ್ತಿದ್ದರು. ಅದೇ ಆಗಿನ ದುರಸ್ತಿ. ತಂತಿ ಕದಲದಂತೆ ಒಳಗೆ ಮೇಣ ತುಂಬಿ ಮುಚ್ಚಿದ ಪಿಂಗಾಣಿಯ ಕೊಳವೆಗಳು ಬಂದ ಮೇಲೆ ಶೋಧಕವು ಗಟ್ಟಿಯಾಯಿತು, ನಿಜ. ಆದರೆ ಕೆಟ್ಟುದನ್ನು ಸರಿಪಡಿಸುವ ಅವಕಾಶ ಅಲ್ಲಿಗೆ ಮುಗಿಯಿತು. ಕಾಪಾಡುವುದೊಂದೇ ಉಳಿದ ದಾರಿ.

ಮೊದಲ ಶತ್ರು ರೇಡಾರಿನೊಳಗೇ ಇದ್ದಿತು. ಪ್ರೇಷಕಕ್ಕೂ ಗ್ರಾಹಕಕ್ಕೂ ಒಂದೇ ಆಂಟೆನಾ ಆದಾಗ, ಅನೇಕ ಕಿಲೋವ್ಯಾಟ್‌ಗಳ ಸ್ಪಂದದ ಅಲ್ಪಾಂಶವು ಸೋರಿದರೂ ಸ್ಫಟಿಕ ನಾಶವಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದುದು, ಸಟನ್‌ರ ನಳಿಕೆಯಲ್ಲಿ ಅಲ್ಪ ಒತ್ತಡದ ಅನಿಲವನ್ನು ತುಂಬಿದ 'ಮೃದು' ನಳಿಕೆ. ಸ್ಪಂದ ಬಂದೊಡನೆ ಅನಿಲವು ಅಯಾನೀಕೃತವಾಗಿ ಗ್ರಾಹಕದ ದ್ವಾರವನ್ನು ಮುಚ್ಚುವುದು. ಆದರೆ ಅಯಾನೀಕರಣಕ್ಕೂ ಕ್ಷಣಾಂಶ ಬೇಕಷ್ಟೆ. ಆ ಅಂತರದಲ್ಲಿ ನುಸುಳುವ ಮೊನಚಾದ ಸ್ಪಂದವೇ ಸ್ಫಟಿಕವನ್ನು ಸುಡುತ್ತಿತ್ತು. ಆದ್ದರಿಂದ ಅನಿಲದಲ್ಲಿ ಸದಾ ಕೆಲವು ಎಲೆಕ್ಟ್ರಾನುಗಳಿರುವಂತೆ ಸಹಾಯಕ ವಿದ್ಯುದಗ್ರವೊಂದನ್ನು ಅಳವಡಿಸಿದರು. ಟೋರಿ ಮತ್ತು ವಿಟ್ಮರ್ ಅವರು 1948ರಲ್ಲಿ ಪ್ರಕಟಿಸಿದ ಸ್ಫಟಿಕ ಶೋಧಕಗಳ ಗ್ರಂಥವು ಈ ದಹನದ ವಿಷಯವನ್ನು ವಿಸ್ತಾರವಾಗಿಯೇ ಚರ್ಚಿಸಿದೆ.

ಎರಡನೆಯ ಶತ್ರು ಮನುಷ್ಯನ ಕೈ. ಒಣ ಹವೆಯಲ್ಲಿ ದೇಹದಲ್ಲಿ ಸಂಚಿತವಾಗುವ ಸ್ಥಿರವಿದ್ಯುತ್ತೂ ಸ್ಫಟಿಕವನ್ನು ಕೆಡಿಸಲು ಸಾಕು. 1ಎನ್21 ಮುಂತಾದ ಸ್ಫಟಿಕಗಳನ್ನು ಸೀಸದ ಹಾಳೆಯಲ್ಲಿ ಸುತ್ತಿ ಕಳುಹಿಸುತ್ತಿದ್ದುದಕ್ಕೆ ಇದೂ, ಸುತ್ತಲಿನ ಪ್ರೇಷಕಗಳ ವಿಕಿರಣವೂ ಕಾರಣ. ಸ್ಫಟಿಕವನ್ನು ಕೂರಿಸುವ ಮೊದಲು ಕೆಲಸಗಾರನು ಉಪಕರಣದ ಲೋಹದ ಮೈಯನ್ನು ಮುಟ್ಟಬೇಕೆಂಬ ನಿಯಮವಿತ್ತು. ಓಮ್‌ಮಾಪಕದಿಂದ ಎರಡೂ ದಿಕ್ಕಿನ ರೋಧವನ್ನು ಹೋಲಿಸಿ ಸ್ಫಟಿಕದ ಸ್ಥಿತಿಯನ್ನು ಅರಿಯಬಹುದಾಗಿತ್ತು. ಆದರೆ ಮಾಪಕದ ವ್ಯಾಪ್ತಿಯನ್ನು ನೋಡಿ ಆರಿಸದಿದ್ದರೆ ಪರೀಕ್ಷೆಯೇ ಅದಕ್ಕೆ ಮೃತ್ಯುವಾಗುತ್ತಿತ್ತು!

ಯುದ್ಧಾನಂತರದ ಪ್ರಯೋಗಶಾಲೆಗಳಲ್ಲಿ ಶಕ್ತಿಯನ್ನಳೆಯುವ ಬೊಲೊಮೀಟರುಗಳ ಪಾಡೂ ಇದೇ. ಅತಿ ತೆಳುವಾದ ತಂತಿ ಬಿಸಿಯಾಗಿ ಅದರ ರೋಧ ಬದಲಾಗುವುದೇ ಅಲ್ಲಿನ ಮಾಪನತತ್ತ್ವ. ಅದಕ್ಕಾಗಿ ಕೆಲವರು 1/100 ಆಂಪಿಯರಿನ ಫ್ಯೂಸನ್ನೇ ಬಳಸಿದರು. ಸುಡಲೆಂದೇ ಹುಟ್ಟಿದ ವಸ್ತುವು ಅಳತೆಗೋಲಾದುದು ವಿನೋದದ ಸಂಗತಿ. ಅದು ಅಗ್ಗವಾಗಿತ್ತೆಂಬುದೇ ಅದರ ಗುಣ.

ಈಚಿನ ಸ್ಪೆಕ್ಟ್ರಂ ಅನಲೈಸರುಗಳಲ್ಲಿಯೂ ಹಳೆಯ ಸಮಸ್ಯೆ ಉಳಿದಿದೆ. ಅನೇಕ ಯಂತ್ರಗಳ ಪ್ರವೇಶದಲ್ಲಿ ಸಹಿಸಬಹುದಾದ ಮಿತಿ 1 ವ್ಯಾಟ್ ಮಾತ್ರ. ಕೆಲವಕ್ಕೆ ನೇರವಿದ್ಯುತ್ತಿನ ಸೋಂಕೂ ಆಗದು. ಪ್ರೇಷಕವನ್ನು ನೇರವಾಗಿ ಜೋಡಿಸಿದರೆ ಮೊದಲು ಬಲಿಯಾಗುವುದು ಕ್ಷೀಣಕ ಅಥವಾ ಮಿಶ್ರಕ. ಮೊಹರು ಮಾಡಿದ ಮಿಶ್ರಕವನ್ನು ಸಾಮಾನ್ಯ ಕಾರ್ಯಾಗಾರದಲ್ಲಿ ಬಿಚ್ಚಿ ಸರಿಪಡಿಸುವಂತಿಲ್ಲವಾದ್ದರಿಂದ, ಇಡೀ ಘಟಕವನ್ನೇ ಬದಲಿಸುತ್ತಾರೆ. ಹೀಗಾಗಿ ಅನುಭವಿಗಳು ಹೊರಗಿನ ಕ್ಷೀಣಕ, ನೇರವಿದ್ಯುತ್ತನ್ನು ತಡೆಯುವ ಕೆಪಾಸಿಟರು ಮತ್ತು ಪಿನ್ ಡಯೋಡ್ ಮಿತಿಕಾರಕಗಳನ್ನು ಮುಂದಿಟ್ಟೇ ಅಳತೆಗೆ ತೊಡಗುತ್ತಾರೆ. 1941ರ ಸುಮಾರಿಗೆ ಅನಿಲದ ನಳಿಕೆಯು ಮಾಡುತ್ತಿದ್ದ ಕೆಲಸವನ್ನು ಈಗ ಆ ಡಯೋಡ್ ಮಾಡುತ್ತಿದೆ.