ಮಸಿಯ ಆಯುಷ್ಯ: ದೌತಿಯಿಂದ ಕಾರ್ಟ್ರಿಡ್ಜ್‌ವರೆಗೆ

ನಮ್ಮ ಬಾಲ್ಯದಲ್ಲಿ ಮಸಿ ಮುಗಿಯುವುದು ಕಣ್ಣಿಗೆ ಕಾಣುವ ಸಂಗತಿಯಾಗಿತ್ತು. ಗುಳಿಗೆಯನ್ನು ನೀರಿನಲ್ಲಿ ಕರಗಿಸಿ ಮಾಡಿದ ಮಸಿ ದೌತಿಯ ತಳಕ್ಕಿಳಿದಾಗ, ಇನ್ನೆಷ್ಟು ದಿನ ಬಂದೀತೆಂದು ಮಕ್ಕಳೂ ಹೇಳಬಲ್ಲವರಾಗಿದ್ದರು. ಮುಂದೆ ನಾನು ಉಪಾಧ್ಯಾಯನಾದಾಗ ಸೈಕ್ಲೋಸ್ಟೈಲ್ ಯಂತ್ರ ಬಂದಿತು, ಆಮೇಲೆ ಕಂಪ್ಯೂಟರಿನ ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಬಂದಿತು. ಅದರ ರಿಬ್ಬನ್ ದಿನದಿಂದ ದಿನಕ್ಕೆ ಮಸುಕಾಗುತ್ತ, ಹೊರಡುವ ಮುನ್ನ ಹೇಳಿ ಹೋಗುವ ನೆಂಟನಂತೆ ಸೂಚನೆ ಕೊಡುತ್ತಿತ್ತು.

ಕಾರ್ಟ್ರಿಡ್ಜ್ ಹಾಗಲ್ಲ. ಶಾಲೆಯ ಸಾದಿಲ್ವಾರು ಹಣದಲ್ಲಿ ನಾವೊಂದು ಇಂಕ್‌ಜೆಟ್ ಮುದ್ರಕವನ್ನು ಕೊಂಡೆವು. ಪೆಟ್ಟಿಗೆಯ ಮೇಲೆ ಇಷ್ಟು ನೂರು ಪುಟಗಳೆಂದು ಬರೆದಿತ್ತು. ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿ, ಬೇಸಿಗೆ ರಜೆಗೆ ಬೀಗ ಹಾಕಿ ಹೋದೆವು. ಜೂನ್‌ನಲ್ಲಿ ತೆರೆದು ನೋಡಿದರೆ ಕಾಗದದ ಮೇಲೆ ಬರಿಯ ಬಿಳಿಯ ಗೆರೆಗಳು! ಹೇಳಿದ್ದರ ಮೂರನೆಯ ಒಂದು ಪಾಲೂ ಮುದ್ರಣವಾಗಿರಲಿಲ್ಲ. ಲೆಕ್ಕಪತ್ರ ನೋಡಲು ಬಂದವರು "ಉಳಿದ ಪುಟಗಳೆಲ್ಲಿ ಮಾಸ್ತರೇ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ದೊರೆತ ಇತಿಹಾಸವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಕಥೆಯ ಆರಂಭ ನ್ಯೂಯಾರ್ಕ್ ನಗರದ ಅಸ್ಟೋರಿಯಾದ ಒಂದು ಬಾಡಿಗೆ ಕೋಣೆಯಲ್ಲಿ. ಪೇಟೆಂಟ್ ಕಚೇರಿಯ ಕೆಲಸದಲ್ಲಿ ದಾಖಲೆಗಳ ನಕಲು ತೆಗೆದು ಬೇಸತ್ತಿದ್ದ ಚೆಸ್ಟರ್ ಕಾರ್ಲ್‌ಸನ್, 1938ರ ಅಕ್ಟೋಬರ್ 22ರಂದು ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶವನ್ನುಂಟುಮಾಡಿ, ಅಕ್ಷರ ಬರೆದ ಗಾಜಿನ ಮೂಲಕ ಬೆಳಕು ಹಾಯಿಸಿ, ಮೇಲೆ ಪುಡಿ ಉದುರಿಸಿದನು. ಬೆಳಕು ಬೀಳದ ಭಾಗಕ್ಕೆ ಪುಡಿ ಅಂಟಿ ಅಕ್ಷರ ಮೂಡಿತು. ನೀರಿಲ್ಲದ ಮಸಿ ಹೀಗೆ ಹುಟ್ಟಿತು. ಇದೇ ತತ್ತ್ವದ ಮೇಲೆ 1959ರಲ್ಲಿ ಜೆರಾಕ್ಸ್ 914 ಯಂತ್ರ ಬಂದಿತು. ಇಂದಿನ ಟೋನರ್ ಎಂಬುದು ಪ್ಲಾಸ್ಟಿಕ್ ಮತ್ತು ಕಪ್ಪು ವರ್ಣದ್ರವ್ಯದ ನುಣ್ಣನೆಯ ಪುಡಿ. ಶಾಖದಿಂದ ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ.

ಈ ಪುಡಿಯನ್ನು ಡಬ್ಬಿಯೊಳಗೆ ಮುಚ್ಚಿದ್ದು 1982ರಲ್ಲಿ ಕ್ಯಾನನ್ ಸಂಸ್ಥೆ ತಂದ ಪುಟ್ಟ ನಕಲು ಯಂತ್ರಗಳ ಹೆಗ್ಗಳಿಕೆ. ಟೋನರ್, ಉರುಳೆ ಎಲ್ಲವೂ ಒಂದೇ ಡಬ್ಬಿಯಲ್ಲಿ. ಮುಗಿದೊಡನೆ ಬದಲಾಯಿಸಿದರಾಯಿತು, ರಿಪೇರಿಯವರಿಗಾಗಿ ಕಾಯಬೇಕಿಲ್ಲ. 1984ರ ಎಚ್‌ಪಿ ಲೇಸರ್‌ಜೆಟ್ ಕೂಡ ಕ್ಯಾನನ್‌ನ ಯಂತ್ರಭಾಗವನ್ನೇ ಬಳಸಿತು. ಅದೇ ವರ್ಷ ಎಚ್‌ಪಿ ಥಿಂಕ್‌ಜೆಟ್ ಎಂಬ ಇಂಕ್‌ಜೆಟ್ ಮುದ್ರಕವನ್ನೂ ತಂದಿತು. ಅದರಲ್ಲಿ ಮಸಿ ಚಿಮ್ಮುವ ತಲೆಯೇ ಬಿಸಾಡಬಹುದಾದ ಡಬ್ಬಿಯ ಭಾಗವಾಗಿತ್ತು. ಅನುಕೂಲ ಹೆಚ್ಚಿತು, ಆದರೆ ಮಸಿ ನಮ್ಮ ಕಣ್ಣಿಗೆ ಮರೆಯಾಯಿತು.

ಮರೆಯಾದ ಮೇಲೆ ಮಾತನ್ನು ನಂಬಬೇಕಷ್ಟೆ. ಪುಟದ ಶೇಕಡಾ 5ರಷ್ಟು ಭಾಗಕ್ಕೆ ಮಸಿ ಬೀಳುವುದೆಂಬ ಎಣಿಕೆಯ ಮೇಲೆ ತಯಾರಕರು ಪುಟಸಂಖ್ಯೆಯನ್ನು ಘೋಷಿಸುವ ವಾಡಿಕೆಯಿತ್ತು. ಆದರೆ ಎಲ್ಲರೂ ಒಪ್ಪಿದ ಪರೀಕ್ಷೆಯಿರಲಿಲ್ಲ. ಕಪ್ಪು ಟೋನರ್‌ಗೆ ಅಂತಹ ಅಳತೆಗೋಲು ದೊರೆತದ್ದು 2004ರಲ್ಲಿ, ಐಎಸ್‌ಒ/ಐಇಸಿ 19752 ಎಂಬ ಅಂತರರಾಷ್ಟ್ರೀಯ ಮಾನಕದಿಂದ. ಕನಿಷ್ಠ ಮೂರು ಮುದ್ರಕಗಳಲ್ಲಿ, ಒಟ್ಟು ಒಂಬತ್ತು ಕಾರ್ಟ್ರಿಡ್ಜ್‌ಗಳನ್ನು, ನಿಗದಿತ ಉಷ್ಣತೆಯಲ್ಲಿ, ಒಂದೇ ಪುಟವನ್ನು ಎಡೆಬಿಡದೆ ಮುದ್ರಿಸಿ ಮುಗಿಸಿ ನೋಡುವ ಪರೀಕ್ಷೆಯದು. ಕೆಲವು ವರ್ಷಗಳಲ್ಲಿ ಇಂಕ್‌ಜೆಟ್‌ಗೂ ಬೇರೆ ಮಾನಕ ಬಂದಿತು.

ನನ್ನ ಪ್ರಶ್ನೆಗೆ ಉತ್ತರ ಈ "ಎಡೆಬಿಡದೆ" ಎಂಬ ಒಂದು ಪದದಲ್ಲಿತ್ತು. ನಮ್ಮ ಶಾಲೆ ಎಡೆಬಿಟ್ಟು ಮುದ್ರಿಸಿತ್ತು. ಇಂಕ್‌ಜೆಟ್ ಮಸಿಯಲ್ಲಿ ನೀರಿನಂಶವೇ ಹೆಚ್ಚು. ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ಅದು ಒಣಗುತ್ತದೆ. ಕಟ್ಟಿಕೊಂಡದ್ದನ್ನು ಬಿಡಿಸಲು ಯಂತ್ರ ತನ್ನನ್ನು ತೊಳೆದುಕೊಂಡಾಗಲೂ ಮಸಿಯೇ ಖರ್ಚು. ಟೋನರ್‌ಗೆ ಒಣಗುವ ಭಯವಿಲ್ಲ. ಅದನ್ನು ತೇವ ಮತ್ತು ಬಿಸಿಲಿನಿಂದ ಕಾಪಾಡಿದರೆ ಸಾಕು. ಇನ್ನೊಂದು ಮಾತು: ಆ ಪರೀಕ್ಷೆಯ ಪುಟ ರೋಮನ್ ಲಿಪಿಯದು. ಒತ್ತಕ್ಷರಗಳಿಂದ ತುಂಬಿದ ನಮ್ಮ ಕನ್ನಡ ಪ್ರಶ್ನೆಪತ್ರಿಕೆಗೆ ಅದೇ ಸಂಖ್ಯೆಯನ್ನು ಹಾಗೆಯೇ ಅನ್ವಯಿಸಲಾಗದು.

ಬರಿದಾದ ಡಬ್ಬಿಯನ್ನು ಮತ್ತೆ ತುಂಬಬಹುದೇ ಎಂಬುದೂ ವಿವಾದವಾಯಿತು. 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೆಕ್ಸ್‌ಮಾರ್ಕ್ ಪ್ರಕರಣದಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಡ್ಜ್‌ನ ಮೇಲೆ ತಯಾರಕರ ಪೇಟೆಂಟ್ ಹಕ್ಕು ಉಳಿಯದೆಂದು ತೀರ್ಪಿತ್ತಿತು. 2010ರಲ್ಲಿ ಇಂಡೊನೇಷ್ಯಾದಲ್ಲಿ ಎಪ್ಸನ್ ಸಂಸ್ಥೆ ಬಿಡುಗಡೆ ಮಾಡಿದ ಮಸಿತೊಟ್ಟಿಯ ಮುದ್ರಕಗಳು ಈಗ ನಮ್ಮಲ್ಲಿಯೂ ಸಾಮಾನ್ಯ. ಅವುಗಳ ಪಾರದರ್ಶಕ ತೊಟ್ಟಿಯಲ್ಲಿ ಮಸಿಯ ಮಟ್ಟವನ್ನು ಕಂಡಾಗಲೆಲ್ಲ ನನಗೆ ಹಳೆಯ ದೌತಿಯೇ ಮರಳಿ ಬಂದಂತೆನಿಸುತ್ತದೆ.

ಆದ್ದರಿಂದ ಶಾಲೆಗೆ ಮುದ್ರಕ ಕೊಳ್ಳಲಿರುವ ಕಿರಿಯ ಮಿತ್ರರಲ್ಲಿ ನನ್ನ ಅರಿಕೆ: ಪೆಟ್ಟಿಗೆಯ ಮೇಲಿನ ಪುಟಸಂಖ್ಯೆಯನ್ನು ನೋಡುವ ಮೊದಲು ನಿಮ್ಮ ಶಾಲೆಯ ಕ್ಯಾಲೆಂಡರನ್ನು ನೋಡಿರಿ. ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಮುದ್ರಿಸುವವರಿಗೆ ಪುಡಿಯೇ ಲೇಸು. ಇಂಕ್‌ಜೆಟ್ಟೇ ಇದ್ದಲ್ಲಿ, ರಜೆಯಲ್ಲಿಯೂ ವಾರಕ್ಕೊಂದು ಪುಟವನ್ನು ಮುದ್ರಿಸಲು ಯಾರಿಗಾದರೂ ಬೀಗದ ಕೈ ಕೊಟ್ಟು ಹೋಗಿರಿ. ಲೆಕ್ಕ ಕೇಳುವವರ ಮುಂದೆ ನಾನು ನಿಂತಂತೆ ನೀವು ನಿಲ್ಲಬೇಕಾಗಿ ಬರುವುದಿಲ್ಲ.